ಚಕ್ಕುಬಂದಿ

ಮೂವತ್ತೊಂದು ವರ್ಷದಿಂದ ಇದೇ ಕೆಲಸ:
ಬದಿಯಡ್ಕದ ರಿಜಿಸ್ಟ್ರಾರ್ ಆಫೀಸಿನ ಎದುರು
ಕಾಲು ಕುಂಟುವ ಮೇಜು ಹಾಕಿಕೊಂಡು
ಪರರ ಭೂಮಿಯ ನಾಲ್ಕು ದಿಕ್ಕು ಬರೆಯುವುದು.
ಮೊದಲು ಕನ್ನಡದಲ್ಲಿ, ಈಗ ಹೆಚ್ಚಾಗಿ ಮಲಯಾಳದಲ್ಲಿ.
ತೋಡು ಎರಡರಲ್ಲೂ ತೋಡೇ.

ಇವತ್ತು ಮಧ್ಯಾಹ್ನ ಒಂದೂಕಾಲಿಗೆ
ಊಟಕ್ಕೆಂದು ಎದ್ದವನು ನೋಡುತ್ತೇನೆ,
ನನ್ನ ಸ್ಕೂಟರೇ ಇಲ್ಲ.
ಇದೆ. ಕಾಣುವುದಿಲ್ಲ ಅಷ್ಟೆ.
ಮುರಕಲ್ಲಿನ ಪಾಗಾರಕ್ಕೂ ಒಂದು ಬಿಳಿ ಕಾರಿಗೂ ನಡುವೆ
ಮದುವೆಯ ಫೋಟೋದಲ್ಲಿ ದೊಡ್ಡಪ್ಪನ ಹಿಂದೆ
ಸಿಕ್ಕಿಬಿದ್ದ ಹುಡುಗನ ಹಾಗೆ
ಒಂದು ಕನ್ನಡಿ ಮಾತ್ರ ಹೊರಗೆ ಹಾಕಿ ನಿಂತಿದೆ.

ಕಾರೆಂದರೆ ಕಾರೇ?
ಎರಡು ಗೆರೆಗಳ ಮೇಲೆ ಕಾಲು ಚಾಚಿ ಮಲಗಿದ ಧಣಿ.
ಬಾಗಿಲು ತೆರೆಯಲು ಆಚೀಚೆ ಬೇಕಾಗುವ ಮೂರಡಿ
ಅದರ ಕುಮ್ಕಿ ಇರಬೇಕು.
ಕುಮ್ಕಿಗೆ ತೀರ್ವೆ ಇಲ್ಲವಲ್ಲ.

ಕಾದೆ. ಗಾಜಿಗೆ ತಟ್ಟಿದೆ.
ಕಾರು ಕೂಗಿಕೊಂಡಿತು, ಕಳ್ಳ ನಾನೇ ಎಂಬಂತೆ.
ಕ್ಯಾಂಟೀನಿನವರೆಲ್ಲ ಹೊರಗೆ ಬಂದು ನನ್ನನ್ನೇ ನೋಡಿದರು.
ಎರಡು ಗಂಟೆಯ ಹೊತ್ತಿಗೆ
ಹಸಿವಿನ ಜಾಗಕ್ಕೆ ಸಿಟ್ಟು ಬಂದು ಕೂತಿತು.

ಬೈಯಲು ನನಗೆ ಭಾಷೆಗೇನೂ ಬರವಿಲ್ಲ.
ತುಳುವಿನಲ್ಲಿ ಬೈದರೆ ಹೊಟ್ಟೆ ತಣ್ಣಗಾಗುತ್ತದೆ,
ಮಲಯಾಳದಲ್ಲಿ ಬೈದರೆ ತಲುಪುತ್ತದೆ,
ಕನ್ನಡದಲ್ಲಿ ಬೈಯಹೋದರೆ ವ್ಯಾಕರಣ ಅಡ್ಡ ಬರುತ್ತದೆ.
ಆದರೂ ಪೆನ್ನಿಗೆ ಬಂದದ್ದು ಕನ್ನಡವೇ:

ಸದರಿ ಸ್ಕೂಟರು ನಿಂತ ಜಾಗ, ಅಂದಾಜು ಹದಿನೈದು ಚದರಡಿ.
ಮೂಡು: ತಮ್ಮ ಕಾರು.
ತೆಂಕು: ತಮ್ಮದೇ ಕಾರಿನ ಹಿಂಭಾಗ, ಓರೆಯಾಗಿ.
ಪಡು: ಸರಕಾರಿ ಪಾಗಾರ.
ಬಡಗು: ಗೋಣಿ ಒಂದು, ವಾರಸುದಾರರು ತಿಳಿದಿಲ್ಲ.
ಸದರಿ ಜಾಗಕ್ಕೆ ಹೋಗಿಬರಲು ದಾರಿ ಇರುವುದಿಲ್ಲ.
ದಾರಿಯನ್ನು ತಾವು ಯಾವ ಕ್ರಯಕ್ಕೆ ಕೊಂಡಿರಿ?
ಬರೆದವನು: ಐತ್ತಪ್ಪ ಮಣಿಯಾಣಿ.

ಓದಿ ನೋಡಿ, ಕೆಳಗೆ ಸೀಲನ್ನೂ ಒತ್ತಿದೆ.
ವೈಪರಿನಡಿ ಸಿಕ್ಕಿಸುವಾಗ ಕೈ ನಡುಗಿತು:
ಇಷ್ಟು ವರ್ಷಗಳಲ್ಲಿ
ನನ್ನದೇ ಆದ ಮೊದಲ ದಸ್ತಾವೇಜು.

ಅವನು ಬಂದ. ಕಿವಿಯಲ್ಲಿ ಫೋನು, ಬೆರಳಲ್ಲಿ ತಿರುಗುವ ಕೀಲಿ.
ಹಾಳೆ ಎಳೆದ. ಅಕ್ಷರ ನೋಡಿದ, ಸೀಲು ನೋಡಿದ,
ನನ್ನ ಕಡೆಗೆ ಇಪ್ಪತ್ತರ ನೋಟು ಚಾಚಿ
‘ಬಾಕಿ ವೇಂಡ ಏಟ್ಟಾ’ ಎಂದ.
ಹಾಳೆಯನ್ನು ಅಲ್ಲೇ ಎಸೆದ, ರಶೀದಿ ಎಸೆಯುವ ಹಾಗೆ.
ನಾನು ಬಾಯಿ ತೆರೆಯುವ ಮೊದಲು
ಕಾರು ಹಾಡುತ್ತ ಹಿಂದಕ್ಕೆ ಬಂತು,
ನನ್ನ ಕನ್ನಡಿಗೆ ತಾಗಿಸಿಕೊಂಡು ಹೋಯಿತು.
ಈಗ ಅದರಲ್ಲಿ ಆಕಾಶ ಮಾತ್ರ ಕಾಣುತ್ತದೆ.

ಉಪ್ಪುನೆಲ್ಲಿಯ ಭರಣಿಗಳ ನಡುವೆ, ಬಿಸಿಲಲ್ಲಿ ಕೂತು
ನೆಬಿಸುಮ್ಮ ಅಷ್ಟೂ ನೋಡಿದ್ದಳು.
‘ಬರೆದದ್ದು ಏನು, ಓದು’ ಎಂದಳು.
ಎತ್ತಿಕೊಂಡು ಓದಿದೆ, ಅವಳ ಭಾಷೆಗೆ ತಿರುಗಿಸುತ್ತ.
ಮೂಡು, ತೆಂಕಿಗೆ ನಕ್ಕಳು.
ಬಡಗು ಬಂದಾಗ ಕೈಯೆತ್ತಿ ತಡೆದಳು.

‘ಆ ಗೋಣಿ ನನ್ನದು. ನಿನಗೆ ಗೊತ್ತಿಲ್ಲವಾ?
ಆ ಮೂಲೆಯಲ್ಲಿ ನೆರಳಿದೆ ಅಂತ
ಬೆಳಿಗ್ಗೆ ಎಂಟಕ್ಕೆ ಹಾಸಿಟ್ಟು ನೀರಿಗೆ ಹೋಗುತ್ತೇನೆ.
ಬರುವಾಗ ದಿನಾ ಅದರ ಮೇಲೆ ನಿನ್ನ ಚಕ್ರ.’
ದನಿಯಲ್ಲಿ ಸಿಟ್ಟಿರಲಿಲ್ಲ.
ಸರ್ವೆಯವರು ಅಳತೆ ಹೇಳುವ ಹಾಗೆ ಹೇಳಿದಳು.

ಹಿಂದಿನ ಚಕ್ರ ಎತ್ತಿ ಸರಿಸಿದೆ.
ಗೋಣಿಯ ಮೇಲೆ ಟಯರಿನ ಅಚ್ಚು,
ಹಳೆಯದರ ಮೇಲೆ ಹೊಸದು,
ಮೇಲೆ ಇವತ್ತಿನದು, ಇನ್ನೂ ಕೆಂಪು.

ಆ ಇಪ್ಪತ್ತು ಕೊಟ್ಟು ನೆಲ್ಲಿಕಾಯಿ ಕೇಳಿದೆ.
ಹತ್ತು ರೂಪಾಯಿಯದ್ದು ಕಟ್ಟಿಕೊಟ್ಟು
ಬಾಕಿ ಹತ್ತನ್ನು ಚಿಲ್ಲರೆಯಲ್ಲಿ ಎಣಿಸಿದಳು,
ನಾನು ಬೇಡವೆಂದರೂ.

ನಾಳೆ ಸ್ಕೂಟರು ಎಲ್ಲಿ ನಿಲ್ಲಿಸುವುದೋ, ತೋಚಿಲ್ಲ.
ಮೇಜಿಗೆ ಮರಳಿ, ಹಾಳೆಯ ಮಣ್ಣು ಕೊಡವಿ,
ಬಡಗಿನ ಸಾಲನ್ನು ಹೊಡೆದುಹಾಕಿದೆ,
ಅವಳ ಹೆಸರು ಬರೆದೆ,
ತಿದ್ದಿದ್ದಕ್ಕೆ ಬದಿಯಲ್ಲಿ ರುಜು ಹಾಕಿದೆ.